ಕಾನೂನಮ್ಮನ ಹತ್ತು ಹೆಜ್ಜೆ

“ಬಾಯಿ ಮುಚ್ರೇ ಮುಂಡೇವಾ! ಹಲ್ಲು ಕಿಸಿಯೋಕೆ ಇಲ್ಲಿ ನಿಮ್ಮಪ್ಪನ ಮದುವೆ ನಡೀತಿದೆಯಾ?”

ಬೀಗದಮ್ಮ ಕಿರುಚಿದಳು. ನಮ್ಮ ವಾರ್ಡಿನ ಬೀಗದ ಗೊಂಚಲು ಸೊಂಟಕ್ಕೆ ಕಟ್ಟಿಕೊಂಡು ತಿರುಗುವ ಕಾವಲಿನವಳು ಅವಳು. ಅವಳು ಕಿರುಚಿದಷ್ಟೂ ನಮಗೆ ನಗು ಉಕ್ಕುತ್ತಿತ್ತು. ತಪ್ಪು ನಮ್ಮದಲ್ಲ. ಹೆಂಗಸರ ಜೈಲಿನ ಗೋಡೆಗಳಿಗೆ ಹಿಂದಿನ ದಿನವಷ್ಟೇ ಹಸಿರು ಬಣ್ಣ ಬಳಿದಿದ್ದರು. ನಲವತ್ಮೂರು ಹೆಂಗಸರು ಕಿಟಕಿಯಿಲ್ಲದ ಕೋಣೆಗಳಲ್ಲಿ ಆ ವಾಸನೆ ಕುಡಿದುಕೊಂಡೇ ಮಲಗಿ ಎದ್ದಿದ್ದೆವು. ಬೆಳಗ್ಗೆಯಿಂದ ತಲೆ ಹಗುರ, ಕಾಲು ಹಗುರ, ಯಾರು ಕೆಮ್ಮಿದರೂ ನಗು. ನಮ್ಮನ್ನು ಅಂಗಳದಲ್ಲಿ ನಾಲ್ಕು ಸಾಲಾಗಿ ನಿಲ್ಲಿಸಿ ಚಪ್ಪಾಳೆ ಹೊಡೆಯುವುದನ್ನು ಕಲಿಸುತ್ತಿದ್ದರು.

ಚಪ್ಪಾಳೆಗೂ ಒಂದು ನಿಯಮವಿತ್ತು. ಜೈಲರ್ ಸಾಹೇಬರು ಜೇಬಿನಿಂದ ಕರ್ಚೀಫು ತೆಗೆದರೆ ಹೊಡೆಯಬೇಕು, ಒಳಗಿಟ್ಟರೆ ನಿಲ್ಲಿಸಬೇಕು. ಸಾಹೇಬರಿಗೋ ಅವತ್ತು ನೆಗಡಿ. ಮೂಗು ಸೋರಿದಾಗಲೆಲ್ಲ ಕರ್ಚೀಫು ಹೊರಗೆ ಬರುತ್ತಿತ್ತು, ನಲವತ್ಮೂರು ಜೊತೆ ಕೈಗಳು ಚಟಪಟ ಎನ್ನುತ್ತಿದ್ದವು. ಮೂರನೇ ಸಲ ಅವರು ಮೂಗು ಒರೆಸಿಕೊಂಡಾಗ ನಾವು ಎಷ್ಟು ಜೋರಾಗಿ ಹೊಡೆದೆವೆಂದರೆ, ಗೋಡೆಯ ಮೇಲೆ ಕಾವಲಿದ್ದ ಪೇದೆಯೂ ಬಂದೂಕನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಕೈ ಸೇರಿಸಿದ.

“ಮಾನಗೆಟ್ಟ ಲೌಡಿಗಳಾ, ಇನ್ನೊಂದು ಸಲ ನಕ್ರೆ ಇವತ್ತು ಒಬ್ಬಳಿಗೂ ಊಟ ಇಲ್ಲ,” ಎಂದರು ಸಾಹೇಬರು. ಎಂದವರೇ ಸೀನಿದರು. ಕರ್ಚೀಫು ಬಂತು. ನಾವು ಚಪ್ಪಾಳೆ ಹೊಡೆದೆವು. ಹೊಡೆಯದಿದ್ದರೆ ನಿಯಮ ತಪ್ಪಿದಂತಾಗುತ್ತಿತ್ತು.

ಅವತ್ತು ಬರುವವರಿದ್ದದ್ದು ಶಾಸಕಿ. ಪೇಪರಿನವರಿಗೆ ಅವರು ‘ಹೆಣ್ಣಿನ ನ್ಯಾಯದ ದನಿ’, ನಮಗೆ ಕಾನೂನಮ್ಮ. ಹಾಗೆ ಹೆಸರಿಟ್ಟವಳು ತಾರೀಕಜ್ಜಿ. ಮೂವತ್ತು ವರ್ಷದಿಂದ ಒಳಗಿರುವ ಈ ಮುದುಕಿಗೆ ಓದು ಬರಹ ಬಾರದು, ಆದರೆ ಜೈಲಿನ ಪ್ರತಿಯೊಬ್ಬಳ ಕೋರ್ಟಿನ ತಾರೀಕೂ ಅವಳ ನಾಲಿಗೆಯ ತುದಿಯಲ್ಲಿತ್ತು. ಅವಳ ಸ್ವಂತ ತಾರೀಕುಗಳು ಎಂದೋ ಮುಗಿದಿದ್ದವು, ಸಾಯುವ ತನಕ ಶಿಕ್ಷೆ. ಹಾಗಾಗಿ ಕಂಡವರ ತಾರೀಕುಗಳನ್ನೆಲ್ಲ ತಲೆಯ ಮೇಲೆ ಹೊತ್ತುಕೊಂಡಿದ್ದಳು.

ಒಳಗೆ ಬಂದ ಹೊಸದರಲ್ಲಿ ಅಜ್ಜಿ ಕಾಲಿಗೆ ಸರಪಳಿ ಹಾಕಿಸಿಕೊಂಡೇ ಹೆತ್ತಿದ್ದಳು. ಕೂಸು ಉಳಿಯಲಿಲ್ಲ. ಆಗಿನ್ನೂ ಎಳೆಯ ವಕೀಲೆಯಾಗಿದ್ದ ಕಾನೂನಮ್ಮ ಆ ಸರಪಳಿಯ ಫೋಟೋ ಹಿಡಿದು ಬೀದಿ ಬೀದಿ ಸುತ್ತಿದರು. ಚುನಾವಣೆಗೆ ನಿಂತರು, ಸೋತರು, ಮತ್ತೆ ನಿಂತು ಗೆದ್ದರು. ಮೊದಲ ಕಾನೂನು ಅದೇ: ಹೆರುವವಳ ಕಾಲಿಗೆ ಕಬ್ಬಿಣ ತಾಗಿಸಕೂಡದು. ಆಮೇಲೆ ಜೈಲಿನಲ್ಲಿ ಹುಟ್ಟಿದ ಕೂಸುಗಳಿಗೆ ಹಾಲಿನ ಕಾನೂನು ಬಂತು. ಆಮೇಲೆ ಕೋರ್ಟಿಗೆ ಒಯ್ಯುವ ವ್ಯಾನಿನ ಕಾನೂನು. ಇಪ್ಪತ್ತೈದು ವರ್ಷ ಬೇರೆ ಮಾತೇ ಆಡದೆ ನಮ್ಮ ಮಾತನ್ನೇ ಆಡಿದ ಹೆಂಗಸು. ಆ ಇಪ್ಪತ್ತೈದು ವರ್ಷಕ್ಕೆಂದೇ ಅವತ್ತು ನಮ್ಮ ಅಂಗಳದಲ್ಲಿ ಸನ್ಮಾನ.

ಅವತ್ತೇ ನನ್ನ ತಾರೀಕೂ ಇತ್ತು.

ನನ್ನನ್ನು ಒಳಗೆ ಎಲ್ಲರೂ ಇಸ್ತ್ರಿ ಎಂದೇ ಕರೆಯುತ್ತಾರೆ. ದೊಡ್ಡ ಹೋಟೆಲೊಂದರ ಬಟ್ಟೆ ಒಗೆಯುವ ವಿಭಾಗದಲ್ಲಿ ನಾನು ಇಸ್ತ್ರಿಯವಳು. ದಿನಕ್ಕೆ ನೂರೆಂಬತ್ತು ಹಾಸಿಗೆ ಬಟ್ಟೆ. ಒಂದು ದಿನ ಮ್ಯಾನೇಜರನ ಕೈ ಇರಬಾರದ ಕಡೆ ಇತ್ತು. ನಾನು ಇಸ್ತ್ರಿ ಪೆಟ್ಟಿಗೆಯನ್ನು ಆ ಕೈಯ ಮೇಲಿಟ್ಟೆ. ಬಹಳ ಹೊತ್ತೇನಲ್ಲ, ಒಂದು ದಿಂಬಿನ ಚೀಲಕ್ಕೆ ಹಿಡಿಯುವಷ್ಟು ಹೊತ್ತು. ಈ ತಪ್ಪಿಗೆ ಹೆಚ್ಚೆಂದರೆ ಮೂರು ವರ್ಷ ಶಿಕ್ಷೆ ಎಂದು ನನ್ನ ಬಿಟ್ಟಿ ವಕೀಲ ಹೇಳಿದ್ದ. ಜಾಮೀನಿಗೆ ನಿಲ್ಲುವವರು ಯಾರೂ ಇರಲಿಲ್ಲ. ವಿಚಾರಣೆ ಮುಗಿಯಲೆಂದು ಕಾಯುತ್ತಾ ನಾನು ಒಳಗೆ ಕೂತು ಆಗಲೇ ನಾಲ್ಕು ವರ್ಷ ಎರಡು ತಿಂಗಳಾಗಿತ್ತು.

ನಡೆದದ್ದನ್ನು ಕಂಡವಳು ಒಬ್ಬಳೇ, ನನ್ನ ಪಕ್ಕದ ಮೇಜಿನಲ್ಲಿ ಬಟ್ಟೆ ಮಡಿಸುತ್ತಿದ್ದ ಅಕ್ಕ. ಅವಳು ನನಗಾಗಿ ಎರಡು ಸಲ ಕೆಲಸ ಬಿಟ್ಟು ಸಾಕ್ಷಿ ಹೇಳಲು ಬಂದಿದ್ದಳು. ಎರಡು ಸಲವೂ ನನ್ನನ್ನು ಕೋರ್ಟಿಗೆ ಕರೆದುಕೊಂಡು ಹೋಗಿರಲಿಲ್ಲ. ಇವತ್ತು ಮೂರನೆಯದು, ಕೊನೆಯದು. ನಾಳೆ ಬೆಳಗ್ಗೆ ಅವಳು ರೈಲು ಹತ್ತಿ ಮಗಳ ಊರಿಗೆ ಹೋದರೆ ಮತ್ತೆ ಬರುವವಳಲ್ಲ. ಇವತ್ತು ಆರೋಪಿ ಹಾಜರಾಗದಿದ್ದರೆ ಸಾಕ್ಷಿ ಕೇಳುವುದಿಲ್ಲ ಎಂದು ಜಡ್ಜರು ಬರೆದೇಬಿಟ್ಟಿದ್ದರು.

ಬೆಳಗ್ಗೆ ಎಂಟಕ್ಕೆ ಸಾಹೇಬರ ಕೋಣೆಯಲ್ಲಿ ನಾನು ಅವರ ಪ್ಯಾಂಟಿಗೆ ಇಸ್ತ್ರಿ ಹಾಕುತ್ತಿದ್ದೆ. ವೇದಿಕೆಯ ಮೇಜಿನ ಬಟ್ಟೆ ಆಗಿತ್ತು, ಶಾಸಕಿಯ ಹೆಗಲಿಗೆ ಹಾಕುವ ಕೆಂಪು ರೇಷ್ಮೆ ಪಟ್ಟಿ ಇನ್ನೂ ಬಾಕಿಯಿತ್ತು. ಸಾಹೇಬರು ಟವೆಲ್ ಸುತ್ತಿಕೊಂಡು ಪೇಪರ್ ಓದುತ್ತಿದ್ದರು.

“ಸಾಹೇಬ್ರೇ, ಇವತ್ತು ನನ್ನ ತಾರೀಕು.”

“ಹೆಣ್ಣು ಪೊಲೀಸ್ ಇಲ್ಲ.”

“ಕೊನೇ ತಾರೀಕು ಸಾಹೇಬ್ರೇ. ಸಾಕ್ಷಿ ಬರ್ತಾಳೆ. ಕೋರ್ಟು ಮೂರು ಬೀದಿ ಆಚೆ, ನಡ್ಕೊಂಡೇ ಹೋಗ್ಬೋದು.”

“ಇಬ್ಬರು ಹೆಣ್ಣು ಪೊಲೀಸ್ ಇಲ್ದೆ ಹೆಣ್ಣು ಕೈದೀನ ಬಾಗಿಲು ದಾಟಿಸಂಗಿಲ್ಲ. ಗಂಡು ಪೊಲೀಸ್ ಮುಟ್ಟಂಗಿಲ್ಲ. ಕಾನೂನು. ನಾನೇನ್ ಹೆಣ್ಣು ಪೊಲೀಸ್ನ ಹೆತ್ತು ಕೊಡ್ಲಾ?”

“ಬೀಗದಮ್ಮ ಇದ್ದಾರಲ್ಲ?”

“ಅವಳು ಜೈಲಿನೋಳು, ಪೊಲೀಸಲ್ಲ. ಗೇಟ್ ದಾಟಿದ್ರೆ ಅವಳ ಕೆಲಸಾನೂ ಹೋಗುತ್ತೆ, ನನ್ನದೂ ಹೋಗುತ್ತೆ.”

“ಟೀವೀಲಿ ಜಡ್ಜರಿಗೆ ಮುಖ ತೋರಿಸೋದು ಒಂದಿತ್ತಲ್ಲ?”

“ಅದು ಕೆಟ್ಟು ಮೂರು ವರ್ಷ ಆಯ್ತು. ಬಾಯಿ ಜಾಸ್ತಿ ಆಯ್ತು ನಿಂದು, ಬೋಸುಡಿ. ಮಡಿಕೆ ನೇರ ಬರ್ಲಿ. ಮಂಡಿ ಹತ್ರ ಎರಡು ಗೆರೆ ಕಾಣಿಸ್ತೋ, ಹುಷಾರ್.”

ಪ್ಯಾಂಟಿನ ಮೇಲೆ ಇಸ್ತ್ರಿ ಪೆಟ್ಟಿಗೆಯನ್ನು ಹಾಗೇ ಬಿಟ್ಟುಬಿಡೋಣ ಎನ್ನಿಸಿತು. ಬಿಡಲಿಲ್ಲ. ಹತ್ತೊಂಬತ್ತು ತಾರೀಕು ಹೀಗೇ ಹೋಗಿದ್ದವು, ಇದು ಇಪ್ಪತ್ತನೆಯದು. ಅಳು ಬರಬೇಕಿತ್ತು. ಆದರೆ ಬಣ್ಣದ ವಾಸನೆ ತಲೆಗೇರಿದ್ದಕ್ಕೋ ಏನೋ, ಟವೆಲಿನಲ್ಲಿ ಕೂತು ಕಾನೂನು ಹೇಳುವ ಸಾಹೇಬರ ಸಣಕಲು ಕಾಲುಗಳನ್ನು ನೋಡಿ ನನಗೆ ನಗು ಬಂತು. ತುಟಿ ಕಚ್ಚಿಕೊಂಡು ಗೆರೆ ನೇರ ಮಾಡಿದೆ.

ಹತ್ತು ಗಂಟೆಗೆ ಕಾನೂನಮ್ಮ ಬಂದರು. ಕುಳ್ಳಗಿನ ಹೆಂಗಸು, ಅರವತ್ತು ದಾಟಿರಬೇಕು. ಅವರಿಗೆಂದು ಹಾಕಿದ್ದ ದೊಡ್ಡ ಕುರ್ಚಿಯಲ್ಲಿ ಕೂತರೆ ಪಾದ ನೆಲಕ್ಕೆ ಎಟುಕುತ್ತಿರಲಿಲ್ಲ. ಪಕ್ಕದಲ್ಲಿ ಎರಡು ಫೋನು ಹಿಡಿದ ಆಪ್ತ ಸಹಾಯಕ, ಹಿಂದೆ ರಕ್ಷಣೆಗೆ ನೆಟ್ಟಗೆ ನಿಂತ ಇಬ್ಬರು ಪೊಲೀಸರು. ಇಬ್ಬರೂ ಹೆಣ್ಣು ಪೊಲೀಸರು.

ನನ್ನ ಪಕ್ಕ ಕೂತಿದ್ದ ತಾರೀಕಜ್ಜಿ ನನ್ನ ತೊಡೆ ಚಿವುಟಿದಳು. “ನೋಡ್ದ್ಯಾ?”

“ನೋಡ್ದೆ.”

“ನಿನ್ನ ಪೊಲೀಸು ಅಲ್ಲಿದೆ ಕಣೇ. ಆ ಅಮ್ಮನ ಬೆನ್ನು ಕಾಯ್ತಾ ನಿಂತಿದೆ.”

ಜೈಲರ್ ಸಾಹೇಬರು ಮೈಕಿನ ಮುಂದೆ ನಿಂತು, ನಮ್ಮ ಜೈಲಿನ ಹೆಣ್ಣುಮಕ್ಕಳು ತವರುಮನೆಯಲ್ಲಿ ಇದ್ದ ಹಾಗೆ ಇದ್ದಾರೆ ಎಂದರು. ಕರ್ಚೀಫು ಬಂತು, ಹೊಡೆದೆವು. ನಾನು ಇಸ್ತ್ರಿ ಹಾಕಿದ್ದ ಪಟ್ಟಿಯನ್ನು ಕಾನೂನಮ್ಮನ ಹೆಗಲಿಗೆ ಹಾಕಿದರು. ಆಮೇಲೆ ಅವರು ಕುರ್ಚಿಯಿಂದ ಜಾರಿ ಇಳಿದು, ಮೈಕನ್ನು ಒಂದು ಮೊಳ ಕೆಳಗಿಳಿಸಿಕೊಂಡು ಮಾತು ಶುರು ಮಾಡಿದರು. ಆ ಪುಟ್ಟ ದೇಹದಿಂದ ಅಷ್ಟು ದೊಡ್ಡ ದನಿ ಹೇಗೆ ಬರುತ್ತಿತ್ತೋ, ಗೋಡೆಯ ಹಸಿ ಬಣ್ಣ ಉದುರೀತು ಎನ್ನಿಸಿತು.

“ನಾನು ಹೊಸ ವಕೀಲಳಾಗಿದ್ದಾಗ ಒಂದಿನ ಕೋರ್ಟಿನ ಹಿಂಬಾಗಿಲಲ್ಲಿ ಪೊಲೀಸ್ ವ್ಯಾನು ಬಂದು ನಿಂತ್ಕೊಳ್ತು. ಒಂದು ಹುಡುಗೀನ ಇಳಿಸಿದ್ರು. ದಾರೀಲಿ ಅವಳ ಜೊತೆ ಇದ್ದೋರು ನಾಲ್ಕು ಜನ ಗಂಡಸರು. ಆ ಹುಡುಗಿ ನನ್ನ ಕೈ ಹಿಡ್ಕೊಂಡು ಒಂದೇ ಮಾತು ಕೇಳಿದ್ಲು. ‘ಅಕ್ಕಾ, ಕೋರ್ಟಿಗೆ ಬರದೇ ಇದ್ರೆ ಆಗಲ್ವಾ?’ ಅಂತ.”

ಕರ್ಚೀಫು ಬಂದರೂ ಯಾರೂ ಕೈ ಎತ್ತಲಿಲ್ಲ.

“ಹನ್ನೊಂದು ವರ್ಷ ಸದನದಲ್ಲಿ ಬಡಿದಾಡಿದೆ. ‘ಕೈದಿಗಳಿಗೆ ಪಲ್ಲಕ್ಕಿ ಬೇಕಂತೆ’ ಅಂತ ನಕ್ಕರು. ನಾನು ಎದ್ದು ನಿಂತ್ರೆ ‘ಮೇಡಂ ಕೂತೇ ಇದ್ದಾರಾ, ನಿಂತಿದ್ದಾರಾ’ ಅಂತ ಕೇಳೋರು. ಕೊನೆಗೂ ಕಾನೂನು ಆಯ್ತು. ಅವತ್ತಿಂದ ಇವತ್ತಿನವರೆಗೆ ಈ ಜೈಲಿನ ಒಬ್ಬಳೇ ಒಬ್ಬ ಹೆಣ್ಣುಮಗಳನ್ನ ದಾರೀಲಿ ಒಬ್ಬ ಗಂಡಸು ಮುಟ್ಟಿಲ್ಲ! ಎದೆ ತಟ್ಟಿ ಹೇಳ್ತೀನಿ!”

“ಹೊರಗೇ ಬಿಡದಿದ್ರೆ ಯಾರು ಮುಟ್ತಾರೆ ತಾಯಿ?”

ತಾರೀಕಜ್ಜಿಯ ಮಾತಿಗೆ ಮೈಕು ಬೇಕಾಗಲಿಲ್ಲ. ಮೂರನೇ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಅಷ್ಟೇ ಸಾಕಾಯಿತು. ಬೆಳಗ್ಗೆಯಿಂದ ನುಂಗಿಕೊಂಡಿದ್ದ ನಗುವೆಲ್ಲ ಒಟ್ಟಿಗೆ ಒಡೆಯಿತು. ಹೊಟ್ಟೆ ಹಿಡಿದುಕೊಂಡು, ಒಬ್ಬರ ಮೇಲೊಬ್ಬರು ಬಿದ್ದು, ಕಣ್ಣಲ್ಲಿ ನೀರು ಸುರಿಸಿಕೊಂಡು ನಕ್ಕೆವು. ಸಾಹೇಬರು ದಿಕ್ಕೆಟ್ಟು ಕರ್ಚೀಫು ತೆಗೆದರು. ನಗುತ್ತಲೇ ಚಪ್ಪಾಳೆಯನ್ನೂ ಹೊಡೆದೆವು.

“ಸುಮ್ನಿರ್ರೇ!” ಎಂದರು ಕಾನೂನಮ್ಮ. “ಆ ಅಜ್ಜಿ ಏನಂದ್ಲು? ಮುಂದಕ್ಕೆ ಬಾಮ್ಮ.”

ಅಜ್ಜಿ ನನ್ನ ಹೆಗಲು ಊರಿಕೊಂಡು ಎದ್ದಳು. ಕಣ್ಣು ಮುಚ್ಚಿ, ಒಂದೇ ಉಸಿರಿನಲ್ಲಿ ಹೇಳತೊಡಗಿದಳು. “ಇವಳು ಇಸ್ತ್ರಿ, ಹತ್ತೊಂಬತ್ತು ತಾರೀಕು ಹೋಯ್ತು, ಇವತ್ತು ಇಪ್ಪತ್ತು. ಹಾಲಿನೋಳಿಗೆ ಹನ್ನೊಂದು. ನರ್ಸಮ್ಮನಿಗೆ ಏಳು. ಅವಳ ತಂಗಿಗೂ ಏಳು, ಒಂದೇ ಕೇಸು. ಮೂಲೇಲಿ ಕೂತಿದಾಳಲ್ಲ, ಅವಳದು ತಪ್ಪಿಲ್ಲ ಅಂತ ಆಗಿ ಐದು ತಿಂಗಳಾಯ್ತು, ಕಾಗದಕ್ಕೆ ರುಜು ಹಾಕೋಕೆ ಕೋರ್ಟಿಗೆ ಕರ್ಕೊಂಡು ಹೋಗೋರಿಲ್ಲ. ಇವತ್ತು ಒಟ್ಟು ಏಳು ಜನರ ತಾರೀಕು. ಎಲ್ಲಾ ನಿಮ್ಮ ವ್ಯಾನಿನ ಕಾನೂನು ತಾಯಿ. ಒಳ್ಳೇ ಕಾನೂನು. ಹೆಣ್ಣು ಪೊಲೀಸ್ ಇಲ್ಲ ಅಂತ ನಾವು ಇಲ್ಲೇ ಇದೀವಿ.”

“ಸುಳ್ಳು,” ಎಂದರು ಕಾನೂನಮ್ಮ. ಯಾರೂ ನಗಲಿಲ್ಲ. ಅವರು ಸಾಹೇಬರ ಕಡೆ ತಿರುಗಿದರು. “ಸುಳ್ಳು ತಾನೇ?”

“ಮೇಡಂ, ಈ ಇಡೀ ಊರಿಗೆ ಹೆಣ್ಣು ಪೊಲೀಸ್ ಇರೋದೇ ನಾಲ್ಕು. ಒಬ್ಬಳಿಗೆ ಹೆರಿಗೆ ರಜೆ, ಅದೂ ನೀವೇ ಮಾಡಿಸಿದ್ದು. ಒಬ್ಬಳು ಕಂಟ್ರೋಲ್ ರೂಮಿನ ಫೋನಿಗೆ.”

“ಇನ್ನಿಬ್ಬರು?”

ಸಾಹೇಬರು ಅವರ ಬೆನ್ನ ಹಿಂದೆ ನೋಡಿದರು. ಕಾನೂನಮ್ಮನೂ ತಿರುಗಿ ನೋಡಿದರು. ಇಬ್ಬರು ಪೊಲೀಸಮ್ಮಂದಿರು ಪಾದ ನೋಡಿಕೊಂಡರು. ಕಾನೂನಮ್ಮನ ಮುಖ ಮೊದಲು ಕೆಂಪಾಯಿತು, ಆಮೇಲೆ ಬಿಳಿಚಿಕೊಂಡಿತು. ನನಗೆ ಅವರ ಮೇಲೆ ಸಿಟ್ಟೂ ಬಂತು, ಅಯ್ಯೋ ಪಾಪ ಎಂದೂ ಅನ್ನಿಸಿತು. ಹನ್ನೊಂದು ವರ್ಷ ಬಡಿದಾಡಿ ಬಾಗಿಲಿಗೆ ಚಿಲಕ ಹಾಕಿಸಿದವರು, ನಾವು ಯಾವ ಕಡೆ ಉಳಿದೆವು ಎಂದು ಅವತ್ತೇ ಮೊದಲು ನೋಡಿದ್ದು.

“ಗಂಟೆ ಎಷ್ಟು?” ಎಂದರು.

“ಹನ್ನೊಂದೂ ಹತ್ತು,” ಎಂದ ಆಪ್ತ ಸಹಾಯಕ. “ಮೇಡಂ, ಮುಂದಿನ ಕಾರ್ಯಕ್ರಮಕ್ಕೆ...”

“ಏ ಹುಡುಗೀರಾ, ಈ ಇಸ್ತ್ರೀನ ಕೋರ್ಟಿಗೆ ಕರ್ಕೊಂಡು ಹೋಗ್ರಿ.”

ಇಬ್ಬರೂ ಅಲುಗಲಿಲ್ಲ. ಹಿರಿಯವಳು ಹೆದರಿಕೊಂಡೇ ಹೇಳಿದಳು. “ಆಗಲ್ಲ ಮೇಡಂ. ನಮ್ಮ ಆರ್ಡರಿನಲ್ಲಿ ನಿಮ್ಮಿಂದ ಹತ್ತು ಹೆಜ್ಜೆ ದೂರ ಹೋಗ್ಬಾರ್ದು ಅಂತಿದೆ. ಹನ್ನೊಂದನೇ ಹೆಜ್ಜೆ ಇಟ್ರೆ ಸಸ್ಪೆಂಡು.”

“ನಾನೇ ಹೇಳ್ತಿದೀನಲ್ಲ!”

“ನೀವು ಬಾಯಲ್ಲಿ ಹೇಳ್ತೀರಿ ಮೇಡಂ. ಅವರು ಕಾಗದದಲ್ಲಿ ಕೊಟ್ಟಿದ್ದಾರೆ.”

ಇದು ನಮಗೆಲ್ಲ ಚೆನ್ನಾಗಿ ಅರ್ಥವಾಗುವ ಮಾತು. ಕಾನೂನಮ್ಮ ಸೊಂಟದ ಮೇಲೆ ಕೈಯಿಟ್ಟು ಯೋಚಿಸಿದರು. ಆಮೇಲೆ ಅವರ ಬಾಯಿಯ ಒಂದು ತುದಿ ಮೇಲೆದ್ದಿತು.

“ಹತ್ತು ಹೆಜ್ಜೆ ತಾನೇ? ಹಾಗಾದ್ರೆ ಕೋರ್ಟಿಗೆ ನಾನೂ ಬರ್ತೀನಿ. ನೀವು ಅವಳನ್ನ ಹಿಡ್ಕೊಳ್ಳಿ, ನಾನು ನಿಮ್ಮ ಪಕ್ಕದಲ್ಲಿ ನಡೀತೀನಿ. ಯಾರೂ ಯಾರಿಂದಾನೂ ದೂರ ಹೋಗಲ್ಲ.”

“ಮೇಡಂ, ಭೋಜನ...” ಎಂದರು ಸಾಹೇಬರು.

“ಇವರಿಗೆ ಹಾಕ್ರಿ,” ಎಂದು ಕಾನೂನಮ್ಮ ವೇದಿಕೆಯಿಂದ ಇಳಿದೇಬಿಟ್ಟರು.

ಒಬ್ಬ ಕೈದಿಗೆ ಇಬ್ಬರು ಹೆಣ್ಣು ಪೊಲೀಸ್ ಬೇಕಾದ್ದರಿಂದ ಏಳು ಜನರಲ್ಲಿ ಒಬ್ಬಳೇ ಹೋಗಬಹುದಿತ್ತು. ಹಾಲಿನವಳು ಎದ್ದು ನಿಂತಿದ್ದಳು. ನರ್ಸಮ್ಮ ತಂಗಿಯ ಕೈ ಹಿಡಿದುಕೊಂಡು ಸುಮ್ಮನೆ ನನ್ನನ್ನೇ ನೋಡುತ್ತಿದ್ದಳು. ತಾರೀಕಜ್ಜಿ ನನ್ನ ಬೆನ್ನಿಗೆ ಗುದ್ದಿದಳು. “ನಿನ್ನ ಸಾಕ್ಷಿ ನಾಳೆ ಇರಲ್ಲ. ಹೋಗೇ ಮೂಳಿ, ಇವರ ಮುಖ ನೋಡ್ತಾ ನಿಂತ್ರೆ ನೀನೂ ಉಳೀತೀಯ.” ಹೋದೆ. ಹಿಂದಿನಿಂದ ಹಾಲಿನವಳು ಕೂಗಿದಳು, “ನನ್ನ ಜಡ್ಜು ಸಿಕ್ಕಿದ್ರೆ ನಾನಿನ್ನೂ ಬದುಕಿದೀನಿ ಅಂತ ಹೇಳೇ!”

ಗೇಟು ದಾಟಿದೊಡನೆ ಬಿಸಿಲು ಮುಖಕ್ಕೆ ಹೊಡೆಯಿತು. ನಾಲ್ಕು ವರ್ಷ ಎರಡು ತಿಂಗಳಿನ ಮೇಲೆ ಬೀದಿ. ಕ್ಷೌರದಂಗಡಿಯ ಕನ್ನಡಿಯಲ್ಲಿ ನನ್ನನ್ನು ನಾನು ನೋಡಿದೆ, ಸ್ವಲ್ಪ ದಪ್ಪಗಾಗಿದ್ದೆ. ಎರಡೂ ತೋಳನ್ನು ಪೊಲೀಸಮ್ಮಂದಿರು ಹಿಡಿದಿದ್ದರು, ನಮ್ಮ ಪಕ್ಕದಲ್ಲಿ ಕಾನೂನಮ್ಮ ಪುಟಪುಟ ಓಡುತ್ತಿದ್ದರು. ಹೆಗಲ ಮೇಲೆ ಕೆಂಪು ಪಟ್ಟಿ, ಕೈಯಲ್ಲಿ ಮರೆತು ತಂದ ಹೂಗುಚ್ಛ. ನನಗೆ ಸಂತೋಷವಾಗಿತ್ತು. ಕೋರ್ಟಿಗೆ ಹೋಗುವವಳಿಗೆ ಇಷ್ಟು ಸಂತೋಷ ಸಲ್ಲದು ಎಂದು ಯಾರಾದರೂ ಅಂದುಕೊಳ್ಳಲಿ.

“ಏನ್ ಮಾಡಿದ್ದೆ?” ಎಂದರು ಕಾನೂನಮ್ಮ ಏದುಸಿರು ಬಿಡುತ್ತಾ.

“ಇಸ್ತ್ರಿ ಇಟ್ಟೆ ಮೇಡಂ.”

“ಎಲ್ಲಿ?”

“ಮ್ಯಾನೇಜರ್ ಕೈ ಮೇಲೆ.”

“ಕೈ ಎಲ್ಲಿತ್ತು?”

“ನನ್ನ ಮೇಲೆ.”

ಅವರು ಹೂಗುಚ್ಛವನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡರು. “ಬಿಸಿ ಇತ್ತಾ?”

“ಹತ್ತಿ ಬಟ್ಟೆಗೆ ಇಡೋವಷ್ಟು.”

ಕಿರಿಯ ಪೊಲೀಸಮ್ಮ ಫಕ್ಕನೆ ನಕ್ಕಳು, ತಕ್ಷಣ ಟೋಪಿ ಸರಿಮಾಡಿಕೊಂಡಳು.

ಎರಡನೇ ಬೀದಿಯಲ್ಲಿ ಜನ ಸೇರತೊಡಗಿದರು. ಪೊಲೀಸರ ಮಗ್ಗುಲಲ್ಲೇ ಶಾಸಕಿ, ಹಿಂದೆ ಫೋನು ಹಿಡಿದು ಬೆವರು ಒರೆಸಿಕೊಳ್ಳುತ್ತಾ ಓಡುವ ಸಹಾಯಕ. ನೋಡಿದವರಿಗೆ ಒಂದೇ ಅರ್ಥ ಹೊಳೆಯಿತು.

“ಅಯ್ಯಯ್ಯೋ, ಶಾಸಕಿ ಅಮ್ಮನ್ನ ಅರೆಸ್ಟ್ ಮಾಡಿದ್ರಂತೆ!”

“ಎಷ್ಟು ತಿಂದಿದ್ಲಂತೆ?”

“ಎಲ್ಲಾರೂ ಒಂದೇ ಬಿಡ್ರಿ. ನಾನು ಮೊದಲೇ ಹೇಳಿದ್ದೆ.”

“ಪಕ್ಕದಲ್ಲಿ ಇರೋಳು ಯಾರು?”

“ಅವಳೂ ಶಾಸಕಿನೇ ಇರ್ಬೇಕು. ಮುಖ ನೋಡು, ಎಷ್ಟು ಧಿಮಾಕು.”

ನನಗೆ ತಡೆಯಲಾಗಲಿಲ್ಲ. ತೋಳು ಅವರ ಹಿಡಿತದಲ್ಲಿದ್ದರೂ ಶಾಸಕಿಯ ಹಾಗೆ ಅಂಗೈ ಎತ್ತಿ ಜನರಿಗೆ ಬೀಸಿದೆ. ಇಬ್ಬರು ಮುದುಕರು ತಿರುಗಿ ಕೈ ಬೀಸಿದರು. ಆಪ್ತ ಸಹಾಯಕ ಅಳುವುದೊಂದು ಬಾಕಿ. “ಮೇಡಂ, ವಿಡಿಯೋ ಮಾಡ್ತಿದ್ದಾರೆ, ಸಂಜೆಯೊಳಗೆ ನಮ್ಮ ಕಥೆ ಮುಗೀತು, ಪಾರ್ಟಿ ಆಫೀಸಿಂದ ಆಗ್ಲೇ ಮೂರು ಫೋನು...” ಕಾನೂನಮ್ಮ ನಡುಬೀದಿಯಲ್ಲಿ ನಿಂತರು. ಸಿಟ್ಟಾದರು ಎಂದುಕೊಂಡೆ. ನೋಡಿದರೆ ಹೂಗುಚ್ಛವನ್ನು ಬಾಯಿಗೆ ಅಡ್ಡ ಹಿಡಿದು ಅಲುಗಾಡುತ್ತಿದ್ದರು. ನಗು ಅವರಿಗೂ ಅಂಟಿತ್ತು. ಒಂದು ಗಂಟೆ ಆ ಬಣ್ಣದ ವಾಸನೆಯಲ್ಲಿ ಕೂತವರಲ್ಲವೇ ಅವರೂ?

ಕೋರ್ಟಿನಲ್ಲಿ ನನ್ನ ಹೆಸರು ಎರಡು ಸಲ ಕೂಗಿಯಾಗಿತ್ತು. ಮೂರನೇ ಕೂಗಿಗೆ ನಾವು ಬಾಗಿಲಲ್ಲಿದ್ದೆವು. ಮಡಿಸುವ ಅಕ್ಕ ಚೀಲ ಎತ್ತಿಕೊಂಡು ಹೊರಡಲು ಎದ್ದವಳು ನನ್ನನ್ನು ಕಂಡು ಅಲ್ಲೇ ಕುಸಿದು ಕೂತಳು. “ಬಂದ್ಯಾ ಪಾಪಿ,” ಎಂದಳು. ಅವಳ ಕೂದಲು ಬೆಳ್ಳಗಾಗಿತ್ತು.

ಕಟಕಟೆಯಲ್ಲಿ ನಿಂತು ಅವಳು ನಡೆದದ್ದನ್ನೆಲ್ಲ ಹೇಳಿದಳು. ಕೈ ಎಲ್ಲಿತ್ತು ಎಂದು ಆ ಕಡೆಯ ವಕೀಲರು ಕೇಳಿದರು.

“ತೋರಿಸ್ಲಾ ಸ್ವಾಮಿ? ಹತ್ರ ಬನ್ನಿ, ನಿಮ್ಮ ಮೇಲೇ ತೋರಿಸ್ತೀನಿ.”

“ಬೇಡ, ಬಾಯಲ್ಲಿ ಹೇಳಿ,” ಎಂದರು ಜಡ್ಜರು ಗಾಬರಿಯಿಂದ.

ಅವಳು ಬಾಯಲ್ಲಿ ಹೇಳಿದಳು. ಅದು ಇಡೀ ಕೋರ್ಟಿಗೆ ಕೇಳಿಸಿತು. ಬರೆದುಕೊಳ್ಳುವ ಗುಮಾಸ್ತ ಪೆನ್ನು ನಿಲ್ಲಿಸಿ, ಇದನ್ನು ಹೇಗೆ ಬರೆಯಲಿ ಎಂದು ಜಡ್ಜರ ಮುಖ ನೋಡಿದ. ಎಲ್ಲ ಸೇರಿ ಹತ್ತು ನಿಮಿಷ. ನಾಲ್ಕು ವರ್ಷ ಎರಡು ತಿಂಗಳು ನಾನು ಕೂತದ್ದು ಈ ಹತ್ತು ನಿಮಿಷಕ್ಕೆ.

ಆ ಕಡೆಯ ವಕೀಲರು ವಾದ ಮಾಡಲು ಸಮಯ ಬೇಕೆಂದರು. ಜಡ್ಜರು ಪುಟ ತಿರುವಿ ಎರಡು ತಿಂಗಳ ಆಚಿನ ಒಂದು ತಾರೀಕು ಹೇಳಿದರು. “ಆರೋಪಿಯನ್ನು ವಾಪಸ್ ಕರ್ಕೊಂಡು ಹೋಗಿ.”

ಕಾನೂನಮ್ಮ ಹಿಂದಿನ ಬೆಂಚಿನಿಂದ ಎದ್ದರು. “ಸ್ವಾಮಿ, ಇವಳ ತಪ್ಪಿಗೆ ಇರೋದೇ ಮೂರು ವರ್ಷ. ಇವಳು ಆಗ್ಲೇ...”

“ಮೇಡಂ, ನಿಮ್ಮ ಮಾತು ಸದನದಲ್ಲಿ ಆಡಿ. ಇಲ್ಲಿ ಕೂತ್ಕೊಳ್ಳಿ. ಕೂತೇ ಇದ್ದೀರಾ?”

ವಕೀಲರೆಲ್ಲ ನಕ್ಕರು. ಅದು ನಮ್ಮ ನಗುವಲ್ಲ, ಬೇರೆ ಜಾತಿಯ ನಗು. ಕಾನೂನಮ್ಮ ಕೂತರು. ಹೆಗಲ ಪಟ್ಟಿಯನ್ನು ತೆಗೆದು ಮಡಿಸಿ ಮಡಿಲಲ್ಲಿಟ್ಟುಕೊಂಡರು. ಇಪ್ಪತ್ತೈದು ವರ್ಷ ಇದನ್ನೇ ಕೇಳಿಸಿಕೊಂಡು ಬಂದಿದ್ದಾರೆ ಎಂದು ನನಗೆ ಆಗ ಗೊತ್ತಾಯಿತು. ಎರಡು ತಿಂಗಳ ನಂತರದ ತಾರೀಕಿಗೆ ಹೆಣ್ಣು ಪೊಲೀಸ್ ಎಲ್ಲಿಂದ ಬರುತ್ತದೆ? ಇಪ್ಪತ್ತೊಂದು, ಇಪ್ಪತ್ತೆರಡು ಎಂದು ಅಜ್ಜಿ ಎಣಿಸುತ್ತಾ ಹೋಗುತ್ತಾಳೆ. ನನ್ನ ಎಡಬಲದ ಪೊಲೀಸಮ್ಮಂದಿರು ನನ್ನ ತೋಳು ಹಿಡಿದರು. ಆ ಹಿಡಿತದಲ್ಲೇ ನನ್ನ ತಲೆಗೆ ಒಂದು ಯೋಚನೆ ಬಂತು. ಬಂದದ್ದೇ ಹೊಟ್ಟೆಯೊಳಗಿಂದ ನಗು ಮೇಲೇರತೊಡಗಿತು.

“ಮೇಡಂ,” ಎಂದು ಪಿಸುಗುಟ್ಟಿದೆ, “ನೀವು ಹೊರಡಿ.”

“ಇಲ್ಲ ಕಣಮ್ಮ, ನಿನ್ನ ವಾಪಸ್ ಬಿಟ್ಟೇ ಹೋಗ್ತೀನಿ.”

“ಬಿಡೋದೇ ಬೇಡ. ನಿಮಗೆ ಮುಂದಿನ ಕಾರ್ಯಕ್ರಮ ಎಲ್ಲಿ?”

“ಅರವತ್ತು ಮೈಲಿ ಆಚೆ. ಯಾಕೆ?”

“ಹೋಗಿ ಮೇಡಂ, ದಮ್ಮಯ್ಯ. ಬೇಗ ಹೋಗಿ. ಹತ್ತು ಹೆಜ್ಜೆ ದಾಟಿ.”

“ನನ್ನನ್ನೇ ಓಡಿಸ್ತಿದ್ದೀಯಾ?”

“ಹೌದು.”

ಅವರು ನನ್ನನ್ನು ನೋಡಿದರು. ನನ್ನ ತೋಳು ಹಿಡಿದ ಪೊಲೀಸಮ್ಮಂದಿರನ್ನು ನೋಡಿದರು. ಗೋಡೆಯ ಪಕ್ಕ ಬೆಲ್ಟು ಸರಿಮಾಡಿಕೊಳ್ಳುತ್ತಿದ್ದ ಇನ್ಸ್‌ಪೆಕ್ಟರನನ್ನೂ ಅವನ ಆರು ಗಂಡು ಪೇದೆಗಳನ್ನೂ ನೋಡಿದರು. ಅವರಿಗೆ ಅರ್ಥವಾಗಿದ್ದು ಕಣ್ಣಿನಲ್ಲಿ ಕಂಡಿತು.

“ಅಯ್ಯೋ, ನನಗೆ ಹೊತ್ತಾಯ್ತು!” ಎಂದು ಎದ್ದವರೇ ಬಾಗಿಲಿನ ಕಡೆ ಧಾವಿಸಿದರು. ಒಂದು, ಎರಡು, ಮೂರು. ಪೊಲೀಸಮ್ಮಂದಿರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆರು, ಏಳು. ಅವರ ಕಾಗದದಲ್ಲಿ ಇದ್ದದ್ದು ಕಾನೂನಮ್ಮನ ಹೆಸರು, ನನ್ನದಲ್ಲ. ಎಂಟನೇ ಹೆಜ್ಜೆಗೆ ನನ್ನ ತೋಳು ಬಿಟ್ಟು ಇಬ್ಬರೂ ಹಿಂದೆ ಓಡಿದರು. ಕಿರಿಯವಳು ಬಾಗಿಲಲ್ಲಿ ತಿರುಗಿ ನನಗೊಂದು ಸೆಲ್ಯೂಟ್ ಹೊಡೆದಳು. ಹೊರಗೆ ಸಹಾಯಕ ಕರೆಸಿಟ್ಟಿದ್ದ ಕಾರಿನ ಬಾಗಿಲು ಮೂರು ಸಲ ದಡಾರನೆ ಹಾಕಿಕೊಂಡಿತು.

ನಾನು ಸಾಕ್ಷಿಗಳ ಬೆಂಚಿನ ಮೇಲೆ ಮಡಿಸುವ ಅಕ್ಕನ ಪಕ್ಕ ಹೋಗಿ ಕೂತೆ.

“ಏಯ್, ಎದ್ದೇಳೇ,” ಎಂದ ಇನ್ಸ್‌ಪೆಕ್ಟರ್.

“ಇಲ್ಲ.”

“ಎದ್ದೇಳ್ತೀಯೋ, ಎಳ್ಕೊಂಡು ಹೋಗ್ಲೋ?”

“ಎಳೀರಿ.”

ಅವನು ಕೈ ಚಾಚಿದ. ಜಡ್ಜರ ಮುಂದೆ, ನಲವತ್ತು ವಕೀಲರ ಮುಂದೆ, ಬಾಗಿಲಲ್ಲಿ ಫೋನು ಎತ್ತಿ ಹಿಡಿದು ನಿಂತಿದ್ದ ಬೀದಿಯ ಜನರ ಮುಂದೆ ಆ ಕೈ ನನ್ನ ತೋಳಿನಿಂದ ಒಂದು ಗೇಣು ದೂರದಲ್ಲಿ ನಿಂತಿತು. ಅವನ ಹೆಬ್ಬೆಟ್ಟಿನ ಉಗುರು ಕೊಳಕಾಗಿತ್ತು. ನಾನು ಅದನ್ನೇ ನೋಡುತ್ತಾ ಕೂತೆ. ಕೈ ವಾಪಸ್ ಹೋಗಿ ಜೇಬಿನೊಳಗೆ ಸೇರಿಕೊಂಡಿತು.

“ಹೆಣ್ಣು ಪೊಲೀಸರನ್ನ ಕರೆಸ್ರಿ,” ಎಂದರು ಜಡ್ಜರು.

ಇನ್ಸ್‌ಪೆಕ್ಟರ್ ಫೋನು ಮಾಡಿದ, ಕೇಳಿಸಿಕೊಂಡ, ಕತ್ತು ತುರಿಸಿಕೊಂಡ. “ಒಬ್ಬಳಿಗೆ ರಜೆ ಸ್ವಾಮಿ. ಒಬ್ಬಳು ಕಂಟ್ರೋಲ್ ರೂಮು ಬಿಡಂಗಿಲ್ಲ. ಇಬ್ಬರು ಶಾಸಕಿ ಜೊತೆ ಊರು ದಾಟಿದ್ದಾರೆ. ರಾತ್ರಿ ಕಾರ್ಯಕ್ರಮ, ನಾಳೆ ಇನ್ನೊಂದು ಕಡೆ.”

“ಮತ್ತೆ ಇವಳನ್ನ ಜೈಲಿಗೆ ಕಳಿಸೋದು ಹೇಗೆ?”

“ಜೈಲಿಗೆ ಕಳಿಸೋಕಾಗಲ್ಲ ಅಂದ್ರೆ ಮನೆಗೆ ಕಳ್ಸಿ ಸ್ವಾಮಿ,” ಎಂದಳು ಮಡಿಸುವ ಅಕ್ಕ. ಗುಮಾಸ್ತ ಮುಂದಿನ ಕೇಸಿನ ಹೆಸರು ಕೂಗಿದ. ಯಾವನೋ ಒಬ್ಬ ಎದ್ದು ಬಂದು, ನನ್ನನ್ನು ನೋಡಿ, ತಲೆ ಕೆರೆದುಕೊಂಡು ನಿಂತ. “ಕೂತ್ಕೊಳಣ್ಣ,” ಎಂದೆ ಅವನಿಗೆ, “ನಂದಿನ್ನೂ ಮುಗಿದಿಲ್ಲ.” ಅವನು ವಿಧೇಯನಾಗಿ ಹೋಗಿ ಕೂತ.

ಜಡ್ಜರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆಗಲೇ ಮೊದಲ ಸಲ ಅವರು ನನ್ನ ಮುಖವನ್ನು ಸರಿಯಾಗಿ ನೋಡಿದ್ದು.

“ಏನಮ್ಮಾ, ಹೀಗೇ ಎಷ್ಟು ಹೊತ್ತು ಕೂತಿರ್ತೀಯ?”

“ನಾಲ್ಕು ವರ್ಷ ಎರಡು ತಿಂಗಳು ಕೂತು ನನಗೆ ಅಭ್ಯಾಸ ಆಗಿದೆ ಸ್ವಾಮಿ,” ಎಂದೆ. “ನೀವು ಎಷ್ಟು ಹೊತ್ತು ಕೂರ್ತೀರಿ?”